ಜಾಲರಿಯ ಆಚೆ ಅಪ್ಪ, ಈಚೆ ನಾನು, ನಡುವೆ ಒಂದು ಲಾರಿ

ಮೊನ್ನೆಯ ಮಳೆಯಲ್ಲಿ ನನ್ನ ಹೊಸ ಚರ್ಮದ ಚಪ್ಪಲಿ ತೊಯ್ದು ತೊಪ್ಪೆಯಾಯಿತು. ಬಾಗಿಲ ಹತ್ತಿರ ಹಳೆ ಪೇಪರಿನ ಮೇಲೆ ಒಣಗಲು ಇಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಮನೆ ತುಂಬ ಹಸಿ ಚರ್ಮದ ವಾಸನೆ. ಮಗಳು ಮೂಗು ಮುಚ್ಚಿಕೊಂಡು, "ಅಯ್ಯೋ ಅಮ್ಮಾ, ಇದನ್ನ ತೂಕ್ಕಿ ವೆಳಿಯೆ ಇಡು" ಎಂದು ತನ್ನ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಗದರಿದಳು. ನಾನು ಹೊರಗೆ ಇಡಲಿಲ್ಲ. ಕುರ್ಚಿ ಎಳೆದುಕೊಂಡು ಆ ಚಪ್ಪಲಿಯ ಪಕ್ಕದಲ್ಲೇ ಕೂತು ಕಾಫಿ ಕುಡಿದೆ. ಮುದುಕಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡಿರಬೇಕು ಅವಳು. ಅವಳಿಗೇನು ಗೊತ್ತು, ನಾನಾಗ ಅರವತ್ತಾರನೇ ಇಸವಿಯ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಏಳೂ ನಲವತ್ತರ ರೈಲಿಗೆ ಕಾಯುತ್ತಿದ್ದೆ.

ಕ್ರೋಂಪೇಟೆಯೆಂದರೆ ಆಗ ಮದರಾಸಿನ ಅಂಚಿನಲ್ಲಿದ್ದ, ಚರ್ಮ ಹದಮಾಡುವ ಕಾರ್ಖಾನೆಗಳ ಊರು. ಗಾಳಿ ನಮ್ಮ ಕಡೆ ತಿರುಗಿದರೆ ಅನ್ನಕ್ಕೂ ಅದೇ ವಾಸನೆ, ತಲೆಗೆ ಮುಡಿದ ಮಲ್ಲಿಗೆಗೂ ಅದೇ ವಾಸನೆ. ಅದಕ್ಕೇ ಮನೆಬಾಡಿಗೆ ಕಡಿಮೆ. "ಮೂಗು ಒಂದ್ ಗಟ್ಟಿ ಇದ್ರೆ ಇಲ್ಲಿ ಯಾರ್ ಬೇಕಾರೂ ಸಂಸಾರ ಮಾಡ್ಲಕ್ಕ್" ಎನ್ನುತ್ತಿದ್ದರು ಅಮ್ಮ. ಅಪ್ಪ ಕುಂದಾಪುರದ ಕಡೆಯವರು. ಮದರಾಸಿನ ಪ್ಯಾರೀಸ್ ಪೇಟೆಯ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತು, ಮಂಡಿ ಸೋತ ಮೇಲೆ ಅದೇ ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಬೇಳೆ ಎಷ್ಟು ಬಂತು, ತೆಂಗಿನಕಾಯಿ ಎಷ್ಟು ಕೊಳೆಯಿತು, ಇದೇ ಅವರ ಲೋಕ. ಕನ್ನಡ ಓದಲು ಬರೆಯಲು ಬರುತ್ತಿತ್ತು, ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ.

ನಾನು ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ, ಕಡಲ ದಂಡೆಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ಸೇರಿದ್ದು ಸುಲಭವಾಗಿ ಅಲ್ಲ. ಹುಬ್ಬಳ್ಳಿಯಲ್ಲಿ ಸ್ವಂತ ಹೋಟೆಲಿದ್ದ ಒಂದು ಮನೆಯವರು ಯಾವುದೋ ಮದುವೆಯಲ್ಲಿ ನನ್ನನ್ನು ನೋಡಿ ಒಪ್ಪಿ ಕೂತಿದ್ದರು. ಹುಡುಗ ಒಳ್ಳೆಯವನೇ ಇರಬೇಕು, ನಾನು ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಕಾರ್ತಿಕ ಮುಗಿಯುವುದರೊಳಗೆ ಉತ್ತರ ಹೇಳಬೇಕೆಂದು ಅವರು ಬರೆದಿದ್ದರು. ಅಮ್ಮ ಅಂತೂ ಮನಸ್ಸಿನಲ್ಲೇ ಸೀರೆ ಆರಿಸಿ ಆಗಿತ್ತು. ಅತ್ತು, ಕರೆದು, ಎರಡು ದಿನ ಊಟ ಬಿಟ್ಟು, ಕೊನೆಗೆ ಒಂದು ವರ್ಷದ ಮಟ್ಟಿಗೆ ಓದಲು ಒಪ್ಪಿಗೆ ಸಿಕ್ಕಿತು, ಆದರೆ ಹುಬ್ಬಳ್ಳಿಗೆ ಉತ್ತರ ಬರೆಯುವುದನ್ನು ಅಪ್ಪ ಮುಂದೂಡಿದರು. ಆ ಓದು ಒಂದು ವರ್ಷಕ್ಕೆ ಮುಗಿಯುವಂಥದ್ದಲ್ಲ, ಎರಡಾದರೂ ಬೇಕು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಸತ್ಯ ಹೇಳಿದರೆ ಮದುವೆ, ಬಾಯಿ ಮುಚ್ಚಿದರೆ ಓದು ಅಂದಾಗ ಇಪ್ಪತ್ತೆರಡು ವರ್ಷದವಳು ಯಾವುದನ್ನು ಆರಿಸುತ್ತಾಳೆ, ನೀವೇ ಹೇಳಿ.

ಹಾಗಾಗಿ ಆ ವರ್ಷ ಅಪ್ಪನೂ ನಾನೂ ದಿನಾ ಒಂದೇ ರೈಲಿನಲ್ಲಿ ಬೀಚ್ ಸ್ಟೇಷನ್ ತನಕ ಹೋಗುತ್ತಿದ್ದೆವು. ಅಲ್ಲಿಂದ ಅವರು ನಡೆದುಕೊಂಡು ಹೋಟೆಲಿಗೆ, ನಾನು ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ. ರೈಲಿನಲ್ಲಿ ಮಾತ್ರ ನಾನು ಹೆಂಗಸರ ಡಬ್ಬಿಯಲ್ಲಿ, ಅವರು ಪಕ್ಕದ ಗಂಡಸರ ಭಾಗದಲ್ಲಿ. ಎರಡರ ನಡುವೆ ಕಬ್ಬಿಣದ ಜಾಲರಿ. ಮಗಳನ್ನು ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಳ್ಳಬೇಕೆಂದು ಅಪ್ಪ ಜಾಲರಿಗೆ ಬೆನ್ನು ತಾಗಿಸಿ ಕೂರುವ ಮೂಲೆಯ ಸೀಟನ್ನೇ ಹಿಡಿಯುತ್ತಿದ್ದರು. ನಾನು ಈಚೆ ಕಡೆಯ ಮೂಲೆ. ಅವರ ಕಿವಿಯೂ ನನ್ನ ಬಾಯಿಯೂ ಒಂದು ಗೇಣು ದೂರ. ಅರ್ಧ ತಾಸಿಗೂ ಮೀರಿದ ದಾರಿ. ಎಷ್ಟೂಂತ ಬೇಳೆ ತೆಂಗಿನಕಾಯಿ ಮಾತಾಡುವುದು?

ಆಗ ಸಿಕ್ಕಿದ್ದು ಆ ಪುಸ್ತಕ.

ನನ್ನ ಗುರುಗಳು, ಪ್ರೊಫೆಸರು, ಯಾವ ವಿಷಯದ ಮೇಲೆ ಬರೆಯುತ್ತೀ ಎಂದು ಕೇಳಿದಾಗ ನಾನು ತಡವರಿಸಿದ್ದೆ. ಎಲ್ಲರೂ ಇಂಗ್ಲೆಂಡಿನ ಹಳೆಯ ಕವಿಗಳನ್ನು ಆರಿಸುತ್ತಿದ್ದರು. ಒಂದು ದಿನ ಗ್ರಂಥಾಲಯದಲ್ಲಿ ಹೊಸದಾಗಿ ಬಂದ ಒಂದು ಕಟ್ಟು ಬಿಚ್ಚುತ್ತಿದ್ದರು. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಬಂದ ಕಾದಂಬರಿಗಳು. ನಮಗೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದ ಮೇಲೆ ಒಂದೊಂದಾಗಿ ಸ್ವತಂತ್ರವಾದ ದೇಶಗಳು ಅವು. ಒಂದನ್ನು ತೆರೆದೆ. ಮೊದಲ ಪುಟದಲ್ಲೇ ಒಂದು ಲಾರಿ. ಸಾಮಾನಿನ ಲಾರಿಯಲ್ಲ, ಹಿಂದೆ ಮರದ ಹಲಗೆಗಳನ್ನು ಜೋಡಿಸಿ ಜನರನ್ನು ತುಂಬುವ ಲಾರಿ. ಸಂತೆಗೆ ಹೋಗುವ ಹೆಂಗಸರು, ಬುಟ್ಟಿ, ಕೋಳಿ, ಗೆಣಸಿನ ಮೂಟೆ, ಎಲ್ಲರೂ ಒಟ್ಟಿಗೆ "ಸ್ವಲ್ಪ ಸರೀರಿ" ಎಂದು ಕೂಗುತ್ತಿದ್ದಾರೆ. ನಮ್ಮ ಕ್ರೋಂಪೇಟೆ ಪ್ಲಾಟ್‌ಫಾರಂ ಅಲ್ಲವೇ ಇದು! ನಾನು ಗ್ರಂಥಾಲಯದಲ್ಲಿ ಕೂತಿದ್ದೇನೆ ಎಂಬುದನ್ನೂ ಮರೆತು ಗಟ್ಟಿಯಾಗಿ ನಕ್ಕುಬಿಟ್ಟೆ.

ಇಂಥ ಪುಸ್ತಕಗಳಲ್ಲಿ ಲಾರಿ, ಬಸ್ಸು, ರೈಲು ಏನು ಮಾಡುತ್ತವೆ ಎಂಬುದರ ಮೇಲೆ ಬರೆಯುತ್ತೇನೆ ಎಂದೆ. ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. "ಲಾರಿ ಒಂದು ವಿಷಯವೇನಮ್ಮಾ? ಅದರಲ್ಲಿ ನಿನ್ನ ವಾದ ಏನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಹತ್ತಿರ ವಾದ ಇರಲಿಲ್ಲ, ಬರೀ ಹುಚ್ಚು ಇತ್ತು. "ಹುಡುಕಿಕೊಂಡು ಬಾ" ಎಂದರು. ಕೋಪದಿಂದ ಅಲ್ಲ, ಆದರೆ ನಂಬಿಕೆಯಿಂದಲೂ ಅಲ್ಲ.

ಮರುದಿನ ರೈಲಿನಲ್ಲಿ ಅಪ್ಪ, "ಎಂತ ಪುಸ್ತಕ ಅದ್? ಮುಖ ಎತ್ತುದೇ ಇಲ್ಲ" ಎಂದರು. ಹೇಳತೊಡಗಿದೆ. ಎಸಿ ಎಂಬ ಹುಡುಗಿ. ಡಾಂಬರು ರಸ್ತೆ ಮುಗಿಯುವ ಜಾಗದಲ್ಲಿ ಅವಳ ಹಳ್ಳಿ. ಅಪ್ಪ ಕೋಕೋ ಬೆಳೆಗಾರ. ವಾರಕ್ಕೊಮ್ಮೆ ಸಂತೆಯ ದಿನ ಬಂದರಿನ ಪಟ್ಟಣಕ್ಕೆ ಹೋಗುವ ಲಾರಿ. ಅದರ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ, "ಆತುರ ಬೇಡ, ಊರು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಬರೆದಿದೆ. ಎಸಿ ಶಿಕ್ಷಕಿಯಾಗುವ ತರಬೇತಿಗೆ ಆ ಲಾರಿ ಹತ್ತಿ ಹೊರಟಿದ್ದಾಳೆ. ಅವಳ ಅಪ್ಪ ಅವಳ ಟ್ರಂಕನ್ನು ಲಾರಿಗೆ ಏರಿಸಿ ಕೆಳಗೆ ನಿಂತಿದ್ದಾನೆ.

"ದಾರಿಗೆ ತಿಂಬುಕೆ ಎಂತ ಕಟ್ಟಿ ಕೊಟ್ರ್?" ಇದು ಅಪ್ಪನ ಮೊದಲ ಪ್ರಶ್ನೆ.

ಬೇಯಿಸಿದ ಗೆಣಸನ್ನು ಕುಟ್ಟಿ ಮುದ್ದೆ ಮಾಡಿ, ಎಲೆಯಲ್ಲಿ ಸುತ್ತಿ ಕೊಟ್ಟರು ಎಂದೆ. ಅಪ್ಪನಿಗೆ ಮಹಾ ಸಮಾಧಾನ. "ನಮ್ಮ ಕಡುಬಿನ ಹಾಂಗೇ ಆಯ್ತಲ್ಲ. ಪರ್ವಾಗಿಲ್ಲ, ಗಟ್ಟಿ ತಿಂಡಿ" ಎಂದು ಇಡೀ ಖಂಡಕ್ಕೆ ಸರ್ಟಿಫಿಕೇಟು ಕೊಟ್ಟರು.

ಅಂದಿನಿಂದ ಅದೇ ಪದ್ಧತಿಯಾಯಿತು. ಸಂಜೆ ಗ್ರಂಥಾಲಯದಲ್ಲಿ ಓದಿದ್ದನ್ನು ಬೆಳಿಗ್ಗೆ ರೈಲಿನಲ್ಲಿ ಕನ್ನಡದಲ್ಲಿ ಹೇಳುವುದು. ಲಾರಿ ತುಂಬುವ ತನಕ ಹೊರಡುವುದಿಲ್ಲ ಎಂದೆ. "ಹಾಂಗಾರೆ ಹೊತ್ತು ಗೊತ್ತು ಇಲ್ಯಾ?" ಇಲ್ಲ, ಜನ ತುಂಬಿದಾಗಲೇ ಹೊತ್ತು. ಇಂಗ್ಲೆಂಡಿನ ಕಾದಂಬರಿಗಳಲ್ಲಿ ರೈಲು ಗಡಿಯಾರ ನೋಡಿ ಹೊರಡುತ್ತದೆ, ಒಬ್ಬನೇ ಮನುಷ್ಯ ಕಿಟಕಿ ಪಕ್ಕ ಕೂತು ತನ್ನ ದುಃಖ ಯೋಚಿಸುತ್ತಾನೆ. ಇಲ್ಲಿ ಯಾರಿಗೂ ಒಂಟಿಯಾಗಿ ದುಃಖ ಪಡಲು ಜಾಗವೇ ಇಲ್ಲ, ತೊಡೆಯ ಮೇಲೆ ಬೇರೆಯವರ ಮಗು. ಮಂತ್ರಿಯೊಬ್ಬನ ಕಾರು ಲಾರಿಯನ್ನು ದಾಟಿ ಹೋಗಿ, ಎಲ್ಲರ ಬಾಯಿಗೆ ಕೆಂಪು ಧೂಳು ಹಾಕಿದ ಅಧ್ಯಾಯ ಹೇಳಿದ ದಿನ ಅಪ್ಪ, "ಸ್ವಾತಂತ್ರ್ಯ ಬಂತಲ್ಲ ಅವ್ರಿಗೆ? ರಸ್ತೆ ಬರ್ಲಿಲ್ಯಾ?" ಎಂದರು. ಅವರ ಪಕ್ಕದಲ್ಲಿದ್ದ ಯಾರೋ ಕನ್ನಡ ಬಲ್ಲವರು ಹೋ ಎಂದು ನಕ್ಕರು. ಆಗಲೇ ನನಗೆ ಗೊತ್ತಾದದ್ದು, ಕೇಳುವವರು ಅಪ್ಪ ಒಬ್ಬರೇ ಅಲ್ಲ ಎಂದು.

ನನ್ನ ಕಡೆಯಲ್ಲೂ ಒಬ್ಬರು ಕೇಳುತ್ತಿದ್ದರು. ಪಲ್ಲಾವರಂನಲ್ಲಿ ಹತ್ತುತ್ತಿದ್ದ ಇಂದಿರಾ ಮಾಮಿ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಮಾಧ್ವರ ಮನೆಯವರು, ಬೀಚಿನ ಹತ್ತಿರ ಒಂದು ಆಫೀಸಿನಲ್ಲಿ ಗುಮಾಸ್ತೆ. ಮನೆಯಲ್ಲಿ ಕನ್ನಡ, ಬಾಯಿಗೆ ಬಂದದ್ದು ತಮಿಳು. ಹೆಣೆಯುತ್ತಿದ್ದ ಸ್ವೆಟರಿನಿಂದ ಕಣ್ಣೆತ್ತದೆ, "ಅಪ್ಪುರಂ? ಅಪ್ಪುರಂ?" ಎನ್ನುತ್ತಿದ್ದರು. ಮುಂದೇನಾಯಿತು ಹೇಳು ಎಂದು ಅರ್ಥ. ಮದರಾಸಿನ ಸೆಖೆಯಲ್ಲಿ ಆ ಸ್ವೆಟರು ಯಾರಿಗೆ ಎಂದು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಅಪ್ಪನಿಗೆ ಮಾತ್ರ ದಿನಕಳೆದಂತೆ ಆ ಕಥೆ ಬರೀ ಕಥೆಯಾಗಿ ಉಳಿಯಲಿಲ್ಲ. ಮನೆಯಲ್ಲಿ ಅಮ್ಮ ಹುಬ್ಬಳ್ಳಿಯವರ ಮಾತೆತ್ತಿದರೆ, ನೋಡೋಣ ಎಂಬಂತೆ "ಕಾಂಬ, ಕಾಂಬ" ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ರೈಲಿನಲ್ಲಿ ನನ್ನನ್ನು ಕೇಳುತ್ತಿದ್ದರು: "ಆ ಹೆಣ್ಣು ಕಡಿಗೆ ಎಂತ ಆದ್ಲ್? ಮನೆಗೆ ಬಂದ್ಲಾ?" ನಾನು ಇನ್ನೂ ಓದಿಲ್ಲ ಎನ್ನುತ್ತಿದ್ದೆ. ಮಗಳನ್ನು ದೂರ ಓದಲು ಕಳಿಸಿದ ಇನ್ನೊಬ್ಬ ಅಪ್ಪನನ್ನು ಅವರು ನೋಡಿದ್ದೇ ಆ ಪುಸ್ತಕದಲ್ಲಿ. ನಮ್ಮವರಲ್ಲಿ ಯಾರೂ ಕಳಿಸಿರಲಿಲ್ಲ. ಆ ಹುಡುಗಿಗೆ ಒಳ್ಳೆಯದಾದರೆ ನನ್ನನ್ನೂ ಬಿಡಬಹುದು, ಕೆಟ್ಟದಾದರೆ ಹುಬ್ಬಳ್ಳಿ. ಇದನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನನಗೆ ಬೆಳಕಿನಷ್ಟು ಸ್ಪಷ್ಟವಾಗಿತ್ತು.

ನಿಜ ಏನೆಂದರೆ, ನಾನು ಪುಸ್ತಕ ಮುಗಿಸಿ ಎಷ್ಟೋ ದಿನವಾಗಿತ್ತು. ಎಸಿ ಪಟ್ಟಣದಲ್ಲಿ ಪರೀಕ್ಷೆ ಫೇಲಾಗುತ್ತಾಳೆ. ನಾಚಿಕೆಯಿಂದ ಊರಿಗೆ ಬರುವುದಿಲ್ಲ, ಕಾಗದ ಬರೆಯುವುದೂ ಇಲ್ಲ, ಯಾರದೋ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಅವಳ ಅಪ್ಪ ಪ್ರತಿ ಸಂತೆಯ ದಿನ ಲಾರಿ ನಿಲ್ಲುವ ಜಾಗಕ್ಕೆ ಬಂದು ಡ್ರೈವರುಗಳನ್ನು ಕೇಳುತ್ತಾನೆ, ನನ್ನ ಮಗಳನ್ನು ಕಂಡಿರಾ ಎಂದು. ಅವರು ಮುಖ ನೋಡಲಾರದೆ, ಕಂಡೆವು, ಚೆನ್ನಾಗಿದ್ದಾಳೆ, ಮುಂದಿನ ವಾರ ಬರುತ್ತಾಳಂತೆ ಎಂದು ಸುಳ್ಳು ಹೇಳುತ್ತಾರೆ. ವರ್ಷಗಳು ಹೋಗುತ್ತವೆ. ಕೊನೆಯ ಪುಟದಲ್ಲೂ ಅವನು ಅಲ್ಲೇ ನಿಂತಿದ್ದಾನೆ. ಅಷ್ಟೇ.

ಇದನ್ನು ಅಪ್ಪನಿಗೆ ಹೇಗೆ ಹೇಳಲಿ?

ಕಾರ್ತಿಕದ ಕೊನೆಯ ವಾರ ಮಳೆ ಹಿಡಿಯಿತು. ಮದರಾಸಿನ ಮಳೆ ಬಂದರೆ ಒಂದೇ ಸಲಕ್ಕೆ ಬಂದುಬಿಡುತ್ತದೆ, ವರ್ಷವಿಡೀ ಕೂಡಿಟ್ಟ ಸಿಟ್ಟಿನ ಹಾಗೆ. ಆ ಬೆಳಿಗ್ಗೆ ಗಿಂಡಿ ದಾಟಿ, ಅಡ್ಯಾರ್ ಹೊಳೆಯ ಸೇತುವೆಗೆ ಸ್ವಲ್ಪ ಮೊದಲು ರೈಲು ನಿಂತುಬಿಟ್ಟಿತು. ಹಳಿಯ ಮೇಲೆ ನೀರಂತೆ. ಫ್ಯಾನು ನಿಂತಿತು, ಕಿಟಕಿ ಎಳೆದುಕೊಂಡರೆ ಉಸಿರುಕಟ್ಟು, ತೆರೆದರೆ ಸ್ನಾನ. ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಅಪ್ಪ ಜಾಲರಿಯ ಕಡೆ ತಿರುಗಿ ಕೂತರು.

"ಇವತ್ ಹೇಳ್ ಮಗಾ. ಕಡಿಗೆ ಎಂತ ಆಯ್ತ್? ನಾ ಹುಬ್ಬಳ್ಳಿಯವ್ರಿಗೆ ಈ ವಾರ ಕಾಗ್ದ ಹಾಕ್ಕ್."

ಎರಡೂ ಕಡೆಯ ಜನ ನಮ್ಮತ್ತ ತಿರುಗಿದರು. ಮಾಮಿಯ ಸೂಜಿ ನಿಂತಿತು. ಹೇಳಿದೆ. ಎಸಿ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಪಾಸಾದಳು. ಒಂದೇ ವರ್ಷಕ್ಕೆ. ಅದೇ ಲಾರಿಯಲ್ಲಿ, ಅದೇ ಹಲಗೆಯ ಮೇಲೆ ಕೂತು, ಊರಿನ ಶಾಲೆಗೇ ಟೀಚರಾಗಿ ಬಂದಳು. ಲಾರಿ ನಿಂತಾಗ ಅವಳ ಅಪ್ಪ ಟ್ರಂಕು ಇಳಿಸಿಕೊಂಡ. ಲಾರಿಯವರೆಲ್ಲ ಹಾಡು ಹೇಳಿದರು. ಆ ಹಾಡು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ, ಬಾಯಿಗೆ ಬಂದುಬಿಟ್ಟಿತು. ಸುಳ್ಳಿಗೆ ಒಮ್ಮೆ ದಾರಿ ಬಿಟ್ಟರೆ ಅದು ನೆಂಟರಿಷ್ಟರನ್ನೆಲ್ಲ ಕರೆದುಕೊಂಡೇ ಬರುತ್ತದೆ.

ಆಚೆ ಕಡೆ ಯಾರೋ ಚಪ್ಪಾಳೆ ಹೊಡೆದರು. ಅಪ್ಪ ಜಾಲರಿಯ ತೂತಿನೊಳಗೆ ಎರಡು ಬೆರಳು ಸಿಕ್ಕಿಸಿ ಹಿಡಿದುಕೊಂಡಿದ್ದರು. ಕಣ್ಣು ಒದ್ದೆಯಾಗಿತ್ತು. "ಒಂದೇ ವರ್ಷ ಅಲ್ದಾ? ಹಾಂಗಾರೆ ಅಡ್ಡಿಲ್ಲ. ಕಾಯಿನಿ ಅಂತ ಬರೀತೆ" ಎಂದರು. ರೈಲು ಹೊರಟಿತು. ನಾನು ಗೆದ್ದಿದ್ದೆ. ಖುಷಿಯಾಗಬೇಕಿತ್ತು, ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಸೈದಾಪೇಟೆ ಬರುವ ತನಕ ಆಯಿತು.

ಅಪ್ಪ ಹುಬ್ಬಳ್ಳಿಗೆ ಬರೆದರು, ಒಂದು ವರ್ಷ ಕಾಯಬೇಕೆಂದು. ಅವರು ಒಳ್ಳೆಯ ಜನ, ಕಾಯುತ್ತೇವೆ ಎಂದು ಉತ್ತರಿಸಿದರು. ಅಮ್ಮ ಮುಖ ಊದಿಸಿಕೊಂಡು ಹದಿನೈದು ದಿನ ಸಾರಿಗೆ ಒಗ್ಗರಣೆ ಹಾಕಲಿಲ್ಲ. ಅಪ್ಪ ಮಾತ್ರ ಹೋಟೆಲಿನಲ್ಲಿ ಎಲ್ಲರಿಗೂ ಆಫ್ರಿಕಾದ ಟೀಚರಮ್ಮನ ಕಥೆ ಹೇಳಿದ್ದೇ ಹೇಳಿದ್ದು. ದೋಸೆ ಹುಯ್ಯುವವರಿಂದ ಹಿಡಿದು ಬಿಲ್ ಬರೆಯುವವರ ತನಕ ಎಲ್ಲರಿಗೂ ಎಸಿ ಗೊತ್ತು. ಅದನ್ನೇ ಅವರು ಮನೆಗೆ ಬಂದು ನನ್ನೆದುರು ಹೇಳುವಾಗ ನಾನು ತಟ್ಟೆಯೊಳಗೆ ಮುಖ ಇಟ್ಟುಕೊಂಡು ಉಣ್ಣುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಇಂದಿರಾ ಮಾಮಿ ನನ್ನ ಪಕ್ಕ ಧೊಪ್ಪನೆ ಕೂತರು. ಅವರ ತಮ್ಮನ ಮಗ ನಮ್ಮ ವಿಶ್ವವಿದ್ಯಾಲಯದಲ್ಲೇ ಓದುತ್ತಿದ್ದ. ಅವನ ಕೈಲಿ ಆ ಪುಸ್ತಕ ತರಿಸಿ ಓದಿ ಮುಗಿಸಿದ್ದರು. ಅಪ್ಪ ಅಂದು ಹೋಟೆಲಿನ ಕೆಲಸಕ್ಕೆಂದು ಮುಂಚಿನ ರೈಲಿಗೆ ಹೋಗಿದ್ದರು, ಅದೇ ಪುಣ್ಯ.

"ಏನ್ ಡೀ," ಎಂದರು, ತಗ್ಗಿದ ದನಿಯಲ್ಲಿ. "ಅವರು ಪಾವಂ, ದಿನಾ ಕಿವಿ ಕೊಟ್ಟು ಕೇಳ್ತಾರೆ. ಅವರ ಹತ್ರ ಇಷ್ಟು ದೊಡ್ಡ ಪೊಯ್ ಹೇಳೋದಾ? ಆ ಡ್ರೈವರ್ಸ್ ಹೇಳಿದ್ರಲ್ಲ ಸುಳ್ಳು, ನೀನೂ ಅವರ ಹಾಗೇನೇ ಆಗ್ಬಿಟ್ಟೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲೂ ಸಮಯ ಕೊಡಲಿಲ್ಲ ಮಾಮಿ. ನನಗೆ ಓದಬೇಕು ಮಾಮಿ, ಬೇರೆ ದಾರಿ ಇರಲಿಲ್ಲ ಎಂದು ಅತ್ತುಬಿಟ್ಟೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. "ಓದು. ಯಾರು ಬೇಡಾಂತಾರೆ? ಆದರೆ ನೀನು ಹೇಳ್ಲಿಲ್ಲ ಅಂದ್ರೆ ಇನ್ನೊಬ್ಬರು ಹೇಳ್ತಾರೆ. ಅದು ಇನ್ನೂ ಕಷ್ಟಂ" ಎಂದರು.

ಎರಡು ದಿನ ಧೈರ್ಯ ಕೂಡಿಸಿದೆ. ಮೂರನೇ ದಿನ ರೈಲು ಮೀನಂಬಾಕ್ಕಂ ದಾಟುತ್ತಿದ್ದ ಹಾಗೆ ಜಾಲರಿಗೆ ಬಾಯಿ ಹಚ್ಚಿ, "ಅಪ್ಪಯ್ಯಾ, ಆ ಹುಡುಗಿ ಮನೆಗೆ ಬರಲೇ ಇಲ್ಲ" ಎಂದೆ. ಉಳಿದದ್ದನ್ನೂ ಹೇಳಿದೆ. ಫೇಲಾದದ್ದು, ಅಂಗಡಿ, ಲಾರಿ ನಿಲ್ಲುವ ಜಾಗದಲ್ಲಿ ಅವಳ ಅಪ್ಪ, ಡ್ರೈವರುಗಳ ಸುಳ್ಳು, ಎಲ್ಲ. ಅಪ್ಪ ತಿರುಗಿ ನೋಡಲಿಲ್ಲ. ಅವರ ತಲೆಯ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಬೀಚ್ ಸ್ಟೇಷನ್ನಿನಲ್ಲಿ ಇಳಿದು, ನನಗಾಗಿ ನಿಲ್ಲದೆ ಹೋಟೆಲಿನ ದಾರಿ ಹಿಡಿದರು.

ಮರುದಿನ ಅವರು ಆ ಮೂಲೆಯ ಸೀಟಿಗೆ ಬರಲಿಲ್ಲ. ಡಬ್ಬಿಯ ಆ ತುದಿಯಲ್ಲಿ, ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದರು. ಅದರ ಮರುದಿನವೂ ಹಾಗೆಯೇ. ಸೋತ ಮಂಡಿ ಇಟ್ಟುಕೊಂಡು ಅಷ್ಟು ದಾರಿ ನಿಂತೇ ಬಂದರು. ಅಮ್ಮನಿಗೆ ಏನೂ ಹೇಳಿರಲಿಲ್ಲ, ಬೈಗುಳವೂ ಇಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಓದು ಮುಗಿಯಿತು, ಹುಬ್ಬಳ್ಳಿಗೆ ಇನ್ನೇನು ಕಾಗದ ಹೋಗುತ್ತದೆ ಎಂದುಕೊಂಡೆ. ನನಗೆ ಆಗ ಓದಿನ ದುಃಖವೂ ಅಷ್ಟಿರಲಿಲ್ಲ, ಅಪ್ಪ ನಿಂತುಕೊಂಡು ಬರುವುದನ್ನು ನೋಡಲಾಗುತ್ತಿರಲಿಲ್ಲ.

ಐದನೇ ದಿನ ಬಂದು ತಮ್ಮ ಮೂಲೆಯಲ್ಲಿ ಕೂತರು. ಕೋಡಂಬಾಕ್ಕಂ ಬಂತು. ಆಮೇಲೆ ತಿರುಗದೆಯೇ ಕೇಳಿದರು.

"ಅಲ್ಲ, ಒಂದ್ ವಿಷಯ ನಂಗೆ ತಲೆಗೆ ಹೋತಿಲ್ಲ. ಆ ಅಪ್ಪ ಅಲ್ಲೇ ನಿಂತ್ಕಂಡ್ ಅವ್ರ್‌ ಇವ್ರ ಹತ್ರ ಕೇಳೂದ್ ಎಂತಕ್ಕೆ? ವಾರ ವಾರ ಲಾರಿ ಹೋತಲ್ಲ. ಒಂದ್ ಸಲ ಅವ್ನೇ ಹತ್ತಿ ಹೋಪುಕಾಗ್ದಾ?"

ನಾನು ಕೊನೆಯ ಅಧ್ಯಾಯವನ್ನು ಮತ್ತೆ ನೆನಪಿಸಿಕೊಂಡೆ.

"ಬರೆದವ ಹೇಳ್ಲಿಲ್ಯಾ?"

"ಇಲ್ಲ ಅಪ್ಪಯ್ಯ."

"ಹುಡುಗೀರ್ ಹತ್ತುದ್, ಗೆಣಸ್ ಹತ್ತುದ್, ಕೋಳಿ ಹತ್ತುದ್. ಅಪ್ಪ ಮಾತ್ರ ಕೆಳಗ್ ನಿಂತ್ಕಂಬುದ್. ಟ್ರಂಕ್ ಏರ್ಸಿ ಕೊಟ್ರೆ ಆಯ್ತಾ?" ಆಮೇಲೆ ತಮಗೇ ಹೇಳಿಕೊಳ್ಳುವ ಹಾಗೆ ಅಂದರು: "ನಾನೂ ಹಾಂಗೇ ಅಲ್ದಾ? ದಿನಾ ಬೀಚ್ ತನಕ ಬತ್ತೆ. ಅಲ್ಲಿಂದ ನೀ ಯಾವ ಬಸ್ ಹತ್ತುದ್, ಎಲ್ಲಿ ಕೂಕಂಬುದ್, ಒಂದೂ ಗೊತ್ತಿಲ್ಲ."

ಎಷ್ಟು ಪುಸ್ತಕ ಓದಿದ್ದೆ ಆ ಹೊತ್ತಿಗೆ! ಒಂದರಲ್ಲೂ ಆ ಪ್ರಶ್ನೆ ಸಿಕ್ಕಿರಲಿಲ್ಲ. ನನ್ನ ಕಾದಂಬರಿಗಳನ್ನೆಲ್ಲ ಮನಸ್ಸಿನಲ್ಲೇ ಬೇಗ ಬೇಗ ತಿರುವಿ ಹಾಕಿದೆ. ಎಲ್ಲದರಲ್ಲೂ ಯಾರೋ ಹತ್ತುತ್ತಾರೆ, ಯಾರೋ ಕೆಳಗೆ ನಿಲ್ಲುತ್ತಾರೆ. ಹತ್ತಿದವರ ಹಿಂದೆಯೇ ಕಥೆ ಓಡುತ್ತದೆ, ನಿಂತವರನ್ನು ಯಾಕೆ ನಿಂತಿರಿ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಬೀಚಿನಲ್ಲಿ ಇಳಿದಾಗ ಅಪ್ಪ ಹೋಟೆಲಿನ ಕಡೆ ತಿರುಗಲಿಲ್ಲ. ಪೋಸ್ಟಾಫೀಸಿಗೆ ಹೋಗಿ ಒಂದು ಇನ್‌ಲ್ಯಾಂಡ್ ಲೆಟರು ಕೊಂಡು ಜೇಬಿಗಿಟ್ಟುಕೊಂಡರು. ಹುಬ್ಬಳ್ಳಿಗೇ ಎಂದು ನನಗೆ ಗೊತ್ತಾಯಿತು, ಏನು ಬರೆಯುತ್ತಾರೆ ಎಂದು ಗೊತ್ತಾಗಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ. ಆಮೇಲೆ ನನ್ನ ಹಿಂದೆಯೇ ಬಂದು ಬಸ್ಸು ಹತ್ತಿದರು. ನಾನು ಹೆಂಗಸರ ಸೀಟಿನಲ್ಲಿ, ಅವರು ಹಿಂದೆ. ಕಂಡಕ್ಟರು "ಪೋಲಾಂ ರೈಟ್" ಎಂದ. ಕೋಟೆ ದಾಟಿ ಬಸ್ಸು ಕಡಲ ಪಕ್ಕ ಹೊರಳಿದಾಗ ಹಿಂದಿನಿಂದ ಅಪ್ಪನ ದನಿ ಕೇಳಿತು: "ಹ್ವಾಯ್, ಸಮುದ್ರ!" ಇಪ್ಪತ್ತು ಮೂವತ್ತು ವರ್ಷ ಮದರಾಸಿನಲ್ಲಿದ್ದ ಮನುಷ್ಯ. ಒಲೆ, ಉಗ್ರಾಣ, ರೈಲು ಬಿಟ್ಟರೆ ಏನನ್ನೂ ನೋಡಿರಲಿಲ್ಲ.

ಪ್ರೊಫೆಸರ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಪ್ಪನನ್ನು ಕೂರಿಸಿ ಒಳಗೆ ಹೋದೆ. ನನ್ನ ವಾದ ಸಿಕ್ಕಿತು ಸರ್ ಎಂದೆ. ಉಸಿರು ಬಿಡದೆ ಹೇಳಿದೆ, ಹತ್ತಿದವರು, ಕೆಳಗೆ ನಿಂತವರು, ಹತ್ತದೆ ಇರುವುದಕ್ಕೆ ಕಾರಣ ಕೇಳದ ಲೇಖಕರು. ಪ್ರೊಫೆಸರು ಕನ್ನಡಕ ತೆಗೆದರು, ಆದರೆ ಈ ಸಲ ಒರೆಸಲಿಲ್ಲ. "ಇದು ನಿನಗೆ ಎಲ್ಲಿ ಸಿಕ್ಕಿತು?" ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಎಂದೆ.

ಅವರು ಎದ್ದು ಹೊರಗೆ ಬಂದರು. ಅಪ್ಪ ಗಡಬಡಿಸಿ ಎದ್ದು ಕೈಮುಗಿದರು. ಪ್ರೊಫೆಸರು "ಉಕ್ಕಾರುಂಗೊ, ಉಕ್ಕಾರುಂಗೊ" ಎಂದು ಅವರನ್ನು ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಅಪ್ಪನಿಗೆ ಹೋಟೆಲಿನ ತಮಿಳು ಚೆನ್ನಾಗಿ ಬರುತ್ತಿತ್ತು. ನೇರವಾಗಿ ಕೇಳಿದರು, ಇವಳ ಓದು ಮುಗಿಯಲು ಇನ್ನು ಎಷ್ಟು ತಿಂಗಳು ಬೇಕು ಎಂದು. ಪ್ರೊಫೆಸರಿಗೆ ನಮ್ಮ ಮನೆಯ ಒಪ್ಪಂದ ಏನು ಗೊತ್ತು? "ತಿಂಗಳುಗಳೇ? ಚೆನ್ನಾಗಿ ಬರೆಯಬೇಕಾದರೆ ಇನ್ನೂ ಎರಡು ವರ್ಷ ಬೇಕು" ಎಂದು ಹೇಳಿ, ತರಗತಿಗೆ ಹೊತ್ತಾಯಿತೆಂದು ಎದ್ದು ಹೋದರು.

ಅಪ್ಪ ನನ್ನನ್ನೇ ನೋಡುತ್ತಿದ್ದರು. ಇದೂ ಗೊತ್ತಿತ್ತಾ ನಿನಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಾನು ತಲೆ ತಗ್ಗಿಸಿ, "ಮೊದಲಿಂದಲೂ ಗೊತ್ತಿತ್ತು ಅಪ್ಪಯ್ಯ" ಎಂದೆ. ಇನ್ನು ಹೇಳಲು ನನ್ನ ಹತ್ತಿರ ಒಂದು ಸುಳ್ಳೂ ಉಳಿದಿರಲಿಲ್ಲ. ನನಗೆ ಇಲ್ಲಿಂದ ಹೋಗಲು ಇಷ್ಟವಿಲ್ಲ, ಅಷ್ಟೇ ನಿಜ ಎಂದೆ.

ಅವರು ಕಣ್ಣು ಬೇರೆ ಕಡೆ ತಿರುಗಿಸಿದರು. ಆ ಉದ್ದ ಜಗಲಿ, ಎತ್ತರದ ಕಂಬಗಳು, ಪುಸ್ತಕ ಹಿಡಿದು ಓಡಾಡುವ ಹುಡುಗಿಯರನ್ನು ನೋಡುತ್ತ ಕೂತಿದ್ದರು. "ನೀ ಕೂಕಂಬುದ್ ಎಲ್ಲಿ?" ಎಂದರು. ಗ್ರಂಥಾಲಯದ ಕಿಟಕಿ ತೋರಿಸಿದೆ. ಅದನ್ನೂ ಸಾಕಷ್ಟು ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಇನ್‌ಲ್ಯಾಂಡ್ ಲೆಟರು ತೆಗೆದು, ನನ್ನ ಪೆನ್ನು ಇಸಿದುಕೊಂಡು, ತೊಡೆಯ ಮೇಲೆ ನನ್ನದೇ ನೋಟ್‌ಬುಕ್ಕು ಇಟ್ಟುಕೊಂಡು ಬರೆಯತೊಡಗಿದರು. ಉಗ್ರಾಣದ ಚೀಟಿ ಬರೆಯುವ ಆ ದುಂಡು ಅಕ್ಷರ. ನಾನು ನಿಂತಲ್ಲಿಂದಲೇ ತಲೆಕೆಳಗಾಗಿ ಓದಿದೆ: "ಹುಡುಗಿ ಓದುತ್ತಿದ್ದಾಳೆ. ಎರಡು ವರ್ಷ ಆಗಬಹುದು, ಹೆಚ್ಚೂ ಆಗಬಹುದು. ಮೊದಲು ಬರೆದದ್ದು ತಿಳಿಯದೆ ಬರೆದದ್ದು, ಕ್ಷಮಿಸಬೇಕು. ತಾವು ಕಾಯುವುದು ಬೇಡ."

ಅಂಟಿನ ಅಂಚನ್ನು ನಾಲಿಗೆಗೆ ತಾಗಿಸಿ ಮಡಚಿದರು.

"ಅಮ್ಮನಿಗೆ ಎಂತ ಹೇಳೂದ್ ಅಪ್ಪಯ್ಯ?" ಎಂದೆ.

"ಇದ್ದದ್ದ್ ಹೇಳೂದ್. ಬೈತ್ಲ್. ಇಬ್ರೂ ಕೇಣ್ಕಂಬುದ್."

"ಎರಡು ವರ್ಷ ನೀವು ಕಾಯ್ತ್ರಿಯಾ?"

ಅಪ್ಪ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು. "ನಾನ್ ಎಂತಕ್ಕೆ ಕಾಯೂದ್?" ಎಂದರು. "ಬಸ್ ಯಾವ್ದ್ ಅಂತ ಗೊತ್ತಾಯ್ತಲ್ಲ."